ಬೀಡಿಗೆ ಹೋಗದ ಮನೆಗಾಡಿ

ಇಂದಿನ ಸಭೆಯ ಅಧ್ಯಕ್ಷರೂ ಖಾನಾಪುರದ ಪ್ರಖ್ಯಾತ ಕಟ್ಟಿಗೆ ವ್ಯಾಪಾರಿಗಳೂ ಆದ ಉಳವಪ್ಪನವರೇ, ಸಂಘದ ಕಾರ್ಯದರ್ಶಿ ತಮ್ಮಣ್ಣನವರೇ, ಒಂದೂವರೆ ತಾಸಿನಿಂದ 'ಇದೀಗ ಬರಲಿರುವ' ಮುಖ್ಯ ಅತಿಥಿಗಳೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ಮೊದಲ ಸಾಲಿನಲ್ಲಿ ಮುಖ ಊದಿಸಿಕೊಂಡು ಕುಳಿತಿರುವ ನಾಲ್ವರು ಉಪಾಧ್ಯಕ್ಷರೇ, ಮತ್ತು ಹಿಂದಿನ ಬಾಗಿಲಿನಿಂದ ಬರುತ್ತಿರುವ ಉಪ್ಪಿಟ್ಟಿನ ವಾಸನೆಯ ಬಲದ ಮೇಲೆ ಇಷ್ಟು ಹೊತ್ತು ತಾಳಿಕೊಂಡಿರುವ ಸಭಿಕರೇ,

ಬೆಳಗಾವಿ ಮನೆಗಾಡಿ ಮಾಲೀಕರ ಸಂಘದ ಏಳನೆಯ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಶಾಲು ಹೊದಿಸುವುದಕ್ಕೆ ನಿಜವಾದ ಪ್ರೀತಿಯೇ ಇರಬೇಕು. ನಮ್ಮ ಸಂಘ ಚಿಕ್ಕದೆಂದು ಯಾರಾದರೂ ಹೇಳಿಯಾರೇ? ಸ್ಥಾಪನೆಯಾದಾಗ ನಮ್ಮಲ್ಲಿ ಗಾಡಿಗಳು ಐದು, ಪದಾಧಿಕಾರಿಗಳು ಹನ್ನೊಂದು. ಈಗ ೧೯೮೬ರಲ್ಲಿ ಪದಾಧಿಕಾರಿಗಳು ಹತ್ತೊಂಬತ್ತು. ಗಾಡಿಗಳ ಸಂಖ್ಯೆಯನ್ನು ತಮ್ಮಣ್ಣನವರು ವರದಿಯಲ್ಲಿ ಓದಲಿಲ್ಲ, ನಾನೂ ಹೇಳುವುದಿಲ್ಲ. ಹೊರಗೆ ನಿಂತಿರುವ ಸ್ಕೂಟರುಗಳನ್ನು ಎಣಿಸಿದವರಿಗೆ ತಿಳಿಯುತ್ತದೆ.

ತಮ್ಮಣ್ಣನವರು ನನ್ನನ್ನು ಪರಿಚಯಿಸುತ್ತ 'ಸಾಹಸಿ ಪ್ರವಾಸಿ ಚನ್ನಬಸಯ್ಯ ಮಾಸ್ತರರು' ಎಂದರು. 'ಇವರ ಜೀವನವೇ ಒಂದು ಪ್ರಯಾಣ' ಎಂದೂ ಅಂದರು. ಆ ಮಾತಿಗೆ ಚಪ್ಪಾಳೆ ಬಿತ್ತು. ಆದ್ದರಿಂದ ಈ ಪ್ರಯಾಣದ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ. ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ. ಕಣ್ಣು ಮುಚ್ಚಿಕೊಂಡು ಮಿಸಿಸಿಪ್ಪಿ ನದಿಯನ್ನು ಹಲಗೆಯ ಮೇಲೆ ಎಳೆಯುತ್ತಿದ್ದೆ. ಆಂಡೀಸ್ ಪರ್ವತದ ಎತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಅವಧಿಯಲ್ಲಿ ನಾನು ಕೈಗೊಂಡ ಅತಿ ದೂರದ ಪ್ರವಾಸ ಯಾವುದು? ಧಾರವಾಡ. ಪರೀಕ್ಷೆಯ ಪೇಪರು ತಿದ್ದುವುದಕ್ಕೆ. ಅದೂ ಮುಂಜಾನೆ ಹೋಗಿ ಸಂಜೆ ಬರುತ್ತಿದ್ದೆ, ಯಾಕೆಂದರೆ ಹೊರಗಿನ ನೀರು ನನಗೆ ಒಗ್ಗುವುದಿಲ್ಲ.

ಇಂಥ ಸಾಹಸಿ ೧೯೭೬ರಲ್ಲಿ ನಿವೃತ್ತನಾದ. ನಿವೃತ್ತರಾದ ಮಾಸ್ತರರು ಏನು ಮಾಡುತ್ತಾರೆ? ಕೆಲವರು ಟ್ಯೂಶನ್ ಹೇಳುತ್ತಾರೆ, ಕೆಲವರು ಪ್ರವಚನ ಹೇಳುತ್ತಾರೆ. ನಾನು ಕ್ಯಾಂಪಿನಲ್ಲಿ ಮಿಲಿಟರಿಯವರ ಹಳೆಯ ಸಾಮಾನಿನ ಲಿಲಾವಿಗೆ ಹೋದೆ. ಒಂದು ಹಂಡೆ ಕೊಳ್ಳೋಣವೆಂದು ಹೋದವನು ಒಂದು ಅಂಬ್ಯುಲನ್ಸ್ ಕೊಂಡು ಬಂದೆ. ಹೇಗೆ ಕೊಂಡೆನೆಂದು ಕೇಳಬೇಡಿ. ಹರಾಜು ಕೂಗುವಾಗ ಬೆವರು ಒರೆಸಿಕೊಳ್ಳಲು ಕೈ ಎತ್ತಿದೆನೆಂದು ನಮ್ಮ ಮನೆಯಲ್ಲಿ ಹೇಳಿದ್ದೇನೆ. ಖರೇ ಹೇಳಬೇಕೆಂದರೆ ಬೆವರು ಬಂದದ್ದು ಕೈ ಎತ್ತಿದ ಮೇಲೆ.

ಆ ಗಾಡಿಯನ್ನು ಮನೆಗಾಡಿಯಾಗಿ ಮಾಡಿದವರು ಫೋರ್ಟ್ ರಸ್ತೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗನಿ ಮೇಸ್ತ್ರಿಗಳು. ಎರಡು ಮಲಗುವ ಹಲಗೆ, ಮಡಚುವ ಮೇಜು, ಸ್ಟೋವಿಗೆ ಒಂದು ಕಟ್ಟೆ, ನೀರಿಗೆ ಒಂದು ಟಾಕಿ. ಕಿಟಕಿಯ ಪರದೆಗಳನ್ನು ಹೊಲಿದವರು ಅವರ ಹೆಂಡತಿ ಜೋಹರಾ. ಅಳತೆ ತೆಗೆದುಕೊಳ್ಳಲು ಬಂದ ಜೋಹರಾ ನಮ್ಮ ಮನೆಯವರಾದ ಶಿವಬಸವ್ವನ ಜೊತೆ ಚಹಾ ಕುಡಿದು ಹೋದರು. ಆಮೇಲೆ ಅಳತೆಯ ನೆಪವಿಲ್ಲದೆಯೂ ಬರತೊಡಗಿದರು. ಇಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಹೋದರೆ ಸುಮ್ಮನಾಗುತ್ತಿದ್ದರು.

ಗಾಡಿ ತಯಾರಾದ ದಿನ ಶಿವಬಸವ್ವ ಸುತ್ತಲೂ ಒಂದು ಸಲ ಅಡ್ಡಾಡಿ ನೋಡಿದಳು. ಕೆನೆಬಣ್ಣದ ಕೆಳಗಿನಿಂದ ಹಳೆಯ ಕೆಂಪು ಕ್ರಾಸು ಇನ್ನೂ ಮಂಕಾಗಿ ಕಾಣುತ್ತಿತ್ತು. ಅದನ್ನು ಕೈಯಿಂದ ಸವರಿದಳು.

"ಇದರಾಗ ಎಷ್ಟ ಮಂದಿ ಜೀವ ಹೋಗಿದ್ದಾವೋ ಏನೋ," ಎಂದಳು. ಆಮೇಲೆ ಕೇಳಿದಳು, "ಇದು ಬೀಡಿಗೆ ಹೋಗತೈತೇನ್ರಿ?"

ಸಭಿಕರಲ್ಲಿ ಧೂಮಪಾನಿಗಳು ಗೊಂದಲಪಡಬಾರದು. ಬೀಡಿ ಎಂಬುದು ಖಾನಾಪುರ ತಾಲೂಕಿನ ಒಂದು ದೊಡ್ಡ ಊರು. ನನ್ನ ಹೆಂಡತಿಯ ತವರು. ಅಲ್ಲಿ ಅವಳ ತಾಯಿ ನಿಂಗವ್ವ, ತಮ್ಮ ಬಾಳಪ್ಪ, ಬಾಳಪ್ಪನ ತುಂಬಿದ ಸಂಸಾರ. ಬೆಳಗಾವಿಯಿಂದ ಅರ್ಧ ದಿನದ ದಾರಿಯೂ ಅಲ್ಲ. ನಾನು ಏನು ಹೇಳಿದೆ? "ನಂದಗಡ ದಾಟಿದ ಮ್ಯಾಲ ರಸ್ತಾ ಭಾಳ ಕೆಟ್ಟೈತಿ. ಸ್ಪ್ರಿಂಗ್ ಮುರೀತಾವ. ಮೊದಲ ಗಾಡಿ ಪಳಗಲಿ," ಎಂದೆ.

ಗಾಡಿ ಮೂರು ವರ್ಷ ಪಳಗಿತು. ಕಣಕುಂಬಿಗೆ ಹೋದೆವು, ಗೋಕಾಕದ ಧಬಧಬೆಗೆ ಹೋದೆವು. ಕಣಕುಂಬಿಯ ಘಟ್ಟದ ರಸ್ತೆಯಲ್ಲಿ ಮುರಿಯದ ಸ್ಪ್ರಿಂಗು ಬೀಡಿಯ ಬಯಲಿನಲ್ಲಿ ಹೇಗೆ ಮುರಿಯುತ್ತದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಭೂಗೋಳದ ಮಾಸ್ತರ ಹೇಳಿದ ಮೇಲೆ ರಸ್ತೆ ಕೆಟ್ಟಿರಲೇಬೇಕಲ್ಲವೇ? ನಾನು ಆ ರಸ್ತೆಯನ್ನು ಕೊನೆಯ ಸಲ ನೋಡಿದ್ದು ೧೯೭೧ರ ಶ್ರಾವಣದಲ್ಲಿ, ಚಕ್ಕಡಿಯಲ್ಲಿ ಕುಳಿತು. ಅಷ್ಟರ ಮೇಲೆಯೇ ತೀರ್ಪು ಕೊಟ್ಟಿದ್ದೆ.

ಇಲ್ಲಿಯವರೆಗೆ ಬಂದಿದ್ದೇನೆ, ಇದನ್ನೂ ಹೇಳಿಬಿಡುತ್ತೇನೆ. ಅಂಬ್ಯುಲನ್ಸ್ ಕೊಂಡ ಸುದ್ದಿ ತಿಳಿದು ಬಾಳಪ್ಪ ಬೆಳಗಾವಿಗೆ ಬಂದಿದ್ದ. ಗಾಡಿ ನೋಡಿದ. ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. "ಮಾವಾರ, ಈ ರೊಕ್ಕದಾಗ ನಮ್ಮ ಬಾಜು ಒಂದ ತುಂಡ ಹೊಲ ಬರ್ತಿತ್ತಲ್ರಿ," ಎಂದಷ್ಟೇ ಅಂದ. ಅಂದಿನಿಂದ ಬೀಡಿಯ ರಸ್ತೆ ಕೆಟ್ಟಿತು.

ಆದರೆ ಅಧ್ಯಕ್ಷರು ನನ್ನನ್ನು ಮಾತಿಗೆ ನಿಲ್ಲಿಸಿದ್ದು ಸಂಘದ ಪ್ರಥಮ ರ್ಯಾಲಿಯ ವೈಭವವನ್ನು ವರ್ಣಿಸಲಿ ಎಂದು. ವರ್ಣಿಸುತ್ತೇನೆ.

೧೯೭೯ರ ಫೆಬ್ರುವರಿ. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಜಾಂಬೋಟಿ, ಎರಡು ದಿನದ ಶಿಬಿರ. ಘೋಷಣೆ: 'ನಿಸರ್ಗದ ಮಡಿಲಲ್ಲಿ ಸರಳ ಜೀವನ'. ಆ ಸರಳ ಜೀವನಕ್ಕೆ ಬೇಕಾದ ಕುರ್ಚಿ, ಗಾದಿ, ಶಾಮಿಯಾನ, ಡೈನಮೋ, ಇಬ್ಬರು ಅಡಿಗೆಯವರು ಮತ್ತು ಹದಿನಾರು ಕೊಡ ಬೆಳಗಾವಿಯ ನೀರು ಹಿಂದಿನಿಂದ ಒಂದು ಲಾರಿಯಲ್ಲಿ ಬಂದವು. ಉಳವಪ್ಪನವರ ಗಾಡಿಯ ಒಳಗೋಡೆಗಳೆಲ್ಲ ಸಾಗವಾನಿ, ನಡುವೆ ಒಂದು ತೂಗುಮಂಚ. ಗಾಡಿ ಓಡುವಾಗ ಮಂಚ ತೂಗಿ ತೂಗಿ ಗೋಡೆಗೆ ಬಡಿಯುತ್ತಿತ್ತು, ಹಾಗಾಗಿ ಅವರು ಅದನ್ನು ಹಗ್ಗದಿಂದ ಕಟ್ಟಿ ಡ್ರೈವರನ ಬಾಜು ಕುಳಿತಿದ್ದರು. ಆ ಗಾಡಿಯಲ್ಲಿದ್ದಷ್ಟು ಸಾಗವಾನಿ ಜಾಂಬೋಟಿಯ ಕಾಡಿನಲ್ಲಿ ಉಳಿದಿತ್ತೋ ಇಲ್ಲವೋ ಅಧ್ಯಕ್ಷರಿಗೇ ಗೊತ್ತು. ಅವರು ನಗುತ್ತಿದ್ದಾರೆ. ದೊಡ್ಡ ಮನಸ್ಸು.

ನಾನು ಮೂರನೆಯ ನಂಬರಿನ ಗಾಡಿ. ಗನಿ ಮೇಸ್ತ್ರಿಗಳು ರ್ಯಾಲಿಯ ರಿಪೇರಿಗೆಂದು ಬಂದಿದ್ದರು, ಕಾಡು ನೋಡುವ ಆಸೆಗೆ ಜೋಹರಾ ಕೂಡ. ಅವರಿಬ್ಬರೂ ನಮ್ಮ ಗಾಡಿಯಲ್ಲಿದ್ದರು. ಮೇಸ್ತ್ರಿಗಳೇ ಗಾಡಿ ನಡೆಸುತ್ತಿದ್ದರು, ಯಾಕೆಂದರೆ ಈ ಸಾಹಸಿ ಪ್ರವಾಸಿಗೆ ಗಾಡಿ ನಡೆಸಲು ಬರುವುದಿಲ್ಲ.

ಖಾನಾಪುರದಲ್ಲಿ ಚಹಾಕ್ಕೆ ನಿಂತೆವು. ಹತ್ತೂವರೆ ಸುಮಾರಿಗೆ ಒಬ್ಬ ಹೆಣ್ಣುಮಗಳು ಬುಟ್ಟಿ ಹೊತ್ತುಕೊಂಡು ನಮ್ಮ ಗಾಡಿಯ ಹತ್ತಿರ ಬಂದಳು. ಬೀಡಿಯ ಮಾಯಕ್ಕ, ಬಾಳಪ್ಪನ ಮನೆಯ ಓಣಿಯವಳು, ಪ್ಯಾಟಿಗೆ ಬಂದಿದ್ದಳು.

"ಶಿವಬಸವಕ್ಕಾ, ನೀ ಇಲ್ಲೇ ಅದಿ? ನಿಮ್ಮವ್ವ ಊಟ ಬಿಟ್ಟ ನಾಕ ದಿನಾ ಆತು. ಬಾಳಪ್ಪ ನಿನಗ ಕಾಗದ ಹಾಕ್ಯಾನಂತ. ಮುಟ್ಟಿಲ್ಲೇನು?"

ಕಾಗದ ಮುಟ್ಟಿರಲಿಲ್ಲ. ಶಿವಬಸವ್ವ ಕೈಯಲ್ಲಿದ್ದ ಚಹಾದ ಕಪ್ಪನ್ನು ಗಾಡಿಯ ಮೆಟ್ಟಿಲ ಮೇಲೆ ಇಟ್ಟು ನನ್ನ ಹತ್ತಿರ ಬಂದಳು.

"ರೀ, ಹೋಗೂಣು ನಡೀರಿ. ಇಲ್ಲಿಂದ ದೂರೇನಿಲ್ಲ."

ನಾನೇನು ಮಾಡಿದೆ? ಗಡಿಯಾರ ನೋಡಿದೆ. ರ್ಯಾಲಿಯ ಶಿಸ್ತು ಎಂಬುದೊಂದು ಇರುತ್ತದಲ್ಲವೇ? ಮೂರನೆಯ ನಂಬರಿನ ಗಾಡಿ ಸಾಲಿನಿಂದ ತಪ್ಪಿದರೆ ನಾಲ್ಕನೆಯ ಗಾಡಿಯ ಗತಿ ಏನು? ಮೇಲಾಗಿ ಮರುದಿನ ಮುಂಜಾನೆ ಹತ್ತಕ್ಕೆ 'ಆದರ್ಶ ಮನೆಗಾಡಿ' ಸ್ಪರ್ಧೆ. ತೀರ್ಪುಗಾರರು ಪ್ರತಿ ಗಾಡಿಯೊಳಗೆ ಬರುತ್ತಾರೆ; ಮನೆಯವರು ಅವರಿಗೆ ಚಹಾ ಮಾಡಿ ಕೊಡಬೇಕು. ಒಳಗೆ ಗೃಹಿಣಿಯಿಲ್ಲದಿದ್ದರೆ ಅದು ಮನೆ ಹೇಗಾಯಿತು, ಬರೀ ಗಾಡಿ.

"ನಾಳೆ ಸ್ಪರ್ಧೆ ಮುಗದ ಕೂಡ್ಲೆ ಸೀದಾ ಬೀಡಿಗೇ ಹೋಗೂಣು. ವಯಸ್ಸಾದವರಿಗೆ ಒಂದೊಂದ ಸಲ ಊಟ ಸೇರೂದಿಲ್ಲ," ಎಂದೆ. "ಈಗ ಹೋದ್ರ ಉಳವಪ್ಪನವರು ಏನ ತಿಳ್ಕೋತಾರ?"

ಉಳವಪ್ಪನವರು ಆಗ ಏನು ತಿಳಿದುಕೊಳ್ಳುತ್ತಿದ್ದರು? ಅವರು ಭಜಿ ತಿನ್ನುತ್ತಿದ್ದರು. ಆದರೆ ಸಭಿಕರೇ, ಮೂವತ್ತೊಂದು ವರ್ಷ ನನ್ನನ್ನು 'ಮಾಸ್ತರ' ಎಂದು ಕರೆದ ಜನರ ನಡುವೆ ಆ ದಿನ ಮೊದಲ ಸಲ ಒಬ್ಬ ದೊಡ್ಡ ವ್ಯಾಪಾರಿ ನನ್ನನ್ನು 'ಚನ್ನಬಸಯ್ಯನವರೇ' ಎಂದು ಕರೆದು ತಮ್ಮ ಬಾಜು ಕುರ್ಚಿ ಹಾಕಿಸಿದ್ದರು. ಆ ಕುರ್ಚಿ ಬಿಟ್ಟು ಏಳುವುದು ಅಷ್ಟು ಸುಲಭವೇ?

ಶಿವಬಸವ್ವ ನನ್ನನ್ನು ನೋಡಿ "ಆತ್ರಿ" ಎಂದಳು. ಒಪ್ಪಿದಳೆಂದು ತಿಳಿದೆ. ಮಾಯಕ್ಕನ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಗಾಡಿ ಹತ್ತಿದಳು.

ಜಾಂಬೋಟಿಯಲ್ಲಿ ನಮಗೆ ಅಪೂರ್ವ ಸ್ವಾಗತ ದೊರೆಯಿತು. ನಮ್ಮ ಗಾಡಿ ಊರೊಳಗೆ ಹೋದ ಕೂಡಲೇ ಕಟ್ಟೆಯ ಮೇಲೆ ಕುಳಿತಿದ್ದ ಗಂಡಸರೆಲ್ಲ ಎದ್ದು ಭತ್ತದ ಗದ್ದೆಗಳ ಕಡೆ ಓಡಿದರು. ಎರಡು ಮೂರು ವರ್ಷ ಮೊದಲು ಎಮರ್ಜನ್ಸಿಯಲ್ಲಿ ನಡೆದ ಕುಟುಂಬಯೋಜನೆಯ ಆಪರೇಶನ್ ಶಿಬಿರಗಳ ನೆನಪು ಅವರಿಗಿನ್ನೂ ಹಸಿಯಾಗಿತ್ತು. ಕೆಂಪು ಕ್ರಾಸು ಕಂಡದ್ದೇ ತಡ, ಊರಿನಲ್ಲಿ ಒಬ್ಬ ಗಂಡಸೂ ಉಳಿಯಲಿಲ್ಲ. ಒಬ್ಬ ಅಜ್ಜಿ ಮಾತ್ರ ಧೈರ್ಯದಿಂದ ಬಂದು ಕೇಳಿದಳು, "ನಮ್ಮ ಮುದುಕಗ ಎಂಬತ್ತ ಆಗೇತ್ರಿ. ಅವಂಗೂ ಮಾಡ್ತೀರೇನು?" ನಮ್ಮ ಸಂಘದ ಆಗಿನ ಉಪಾಧ್ಯಕ್ಷರೊಬ್ಬರು ಅವಳಿಗೆ ವಿರಾಮಕಾಲದ ವಾಹನ ಪ್ರವಾಸದ ಮಹತ್ವವನ್ನು ಕಾಲು ತಾಸು ವಿವರಿಸಿದರು. ಅವಳು ಎಲ್ಲ ಕೇಳಿ, "ಅಂದ್ರ ನಿಮಗ ಮನಿ ಇಲ್ಲೇನ್ರಿ?" ಎಂದಳು.

ಮರುದಿನ ಏಳಕ್ಕೆ ಎದ್ದೆ. ಎದುರಿನ ಹಲಗೆ ಖಾಲಿ. ಹಾಸಿಗೆ ಮಡಚಿಟ್ಟಿತ್ತು. ಸ್ನಾನಕ್ಕೆ ಹೊಳೆಗೆ ಹೋಗಿರಬೇಕು ಎಂದುಕೊಂಡೆ. ಹೊರಗೆ ಗನಿ ಮೇಸ್ತ್ರಿಗಳು ಬಾನೆಟ್ಟಿಗೆ ಒರಗಿ ನಿಂತಿದ್ದರು.

"ಅಕ್ಕಾರು ಆರರ ಬಸ್ಸಿಗೆ ಹೋದ್ರು, ಮಾಸ್ತರ್ರ. ಕಣಕುಂಬಿಯಿಂದ ಬರೂ ಬಸ್ಸು. ಜೋಹರಾನೂ ಜೋಡಿ ಹೋಗ್ಯಾಳ. ಒಬ್ಬಾಕೀನ ಹೆಂಗ ಕಳಸೂದು?"

"ಬೀಡಿಗೆ?"

"ಮತ್ತೆಲ್ಲಿಗೆ. ನಿಮಗ ಒಂದ ಮಾತ ಹೇಳ ಅಂದಾರ."

"ಏನು?"

"ಚಹಾದ ಪುಡಿ ಮ್ಯಾಲಿನ ಡಬ್ಬ್ಯಾಗ ಐತಂತ."

ಅದಷ್ಟೇ. ಮೇಸ್ತ್ರಿಗಳು ಗಾಡಿಯ ಕೀಲಿಯನ್ನು ಅಂಗೈಯಲ್ಲಿ ಆಡಿಸುತ್ತಿದ್ದರು. "ಹೋಗೂಣೇನ್ರಿ? ಈಗ ಬಿಟ್ರ ಬಸ್ಸಿಗಿಂತ ಮೊದಲ ಮುಟ್ಟತೀವಿ. ಅವರು ಖಾನಾಪುರದಾಗ ಇನ್ನೊಂದ ಬಸ್ಸಿನ ಹಾದಿ ಕಾಯಬೇಕು."

ಏಳು ಗಂಟೆ. ತೀರ್ಪುಗಾರರು ಹತ್ತಕ್ಕೆ. ನಾನು ಮೇಲಿನ ಡಬ್ಬಿ ಇಳಿಸಿ ಚಹಾದ ಪುಡಿ ಇದೆಯೋ ಇಲ್ಲವೋ ನೋಡಿದೆ. ಇತ್ತು.

ತೀರ್ಪುಗಾರರು ಹತ್ತಕ್ಕೆ ಬರಲಿಲ್ಲ, ಹನ್ನೊಂದೂವರೆಗೆ ಬಂದರು. "ಮನೆಯವರೆಲ್ಲಿ?" ಎಂದು ಕೇಳಿದರು. ಗುಡಿಗೆ ಹೋಗಿದ್ದಾರೆ ಎಂದೆ. ನಾನೇ ಚಹಾ ಮಾಡಿದೆ. ಪರದೆಗಳ ಹೊಲಿಗೆಯನ್ನು ಹೊಗಳಿದರು. 'ಗೃಹಿಣಿಯ ಅಭಿರುಚಿ ಎದ್ದು ಕಾಣುತ್ತದೆ' ಎಂದು ಬರೆದುಕೊಂಡರು. ನನ್ನ ಗಾಡಿಗೆ ಪ್ರಥಮ ಬಹುಮಾನ ಬಂತು. ಬಹುಮಾನ ವಿತರಣೆ ಹನ್ನೆರಡಕ್ಕೆ ಎಂದಿತ್ತು. ಅಂದಿನ ಮುಖ್ಯ ಅತಿಥಿಗಳೂ ಇಂದಿನವರಂತೆಯೇ ದಾರಿಯಲ್ಲಿದ್ದರು. ಅವರು ಬಂದು, ಉಂಡು, ನಿಸರ್ಗದ ಬಗ್ಗೆ ಮಾತಾಡಿ ನನಗೆ ಬಹುಮಾನದ ಢಾಲು ಕೊಡುವಾಗ ಎರಡು ಗಂಟೆ. ಆ ಹೊತ್ತಿನ ಫೋಟೋ ನಮ್ಮ ಸಂಘದ ಕಚೇರಿಯಲ್ಲಿದೆ. ಅದರಲ್ಲಿ ನಾನು ನಗುತ್ತಿದ್ದೇನೆ.

ಎರಡೂವರೆಗೆ ಹೊರಟೆವು. ಖಾನಾಪುರ ದಾಟಿತು. ನಂದಗಡ ಬಂತು. ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಇನ್ನು ಕೆಟ್ಟ ರಸ್ತೆ ಎಂದು. ನಂದಗಡ ದಾಟಿತು. ಗಾಡಿ ಹಾಗೇ ಓಡುತ್ತಿತ್ತು. ಯಾವಾಗಲೋ ಖಡಿ ಹಾಕಿ ಡಾಂಬರು ಮಾಡಿದ್ದರು. ಮಡಚುವ ಮೇಜಿನ ಮೇಲೆ ಢಾಲನ್ನು ನಿಲ್ಲಿಸಿ ಇಟ್ಟಿದ್ದೆ, ಅದೂ ಬೀಳಲಿಲ್ಲ.

"ಮಾಸ್ತರ್ರ," ಎಂದರು ಮೇಸ್ತ್ರಿಗಳು, "ಈ ಗಾಡಿ ಬೀಡಿಗೆ ಹೋಗೂದಿಲ್ಲ ಅಂತ ನಿಮಗ ಯಾರ ಹೇಳಿದ್ರು? ಸ್ಪ್ರಿಂಗ್ ಕಟ್ಟಿದಾಂವ ನಾನು. ನನ್ನ ಒಂದ ಮಾತ ಕೇಳಬೇಕಿಲ್ಲೋ."

ಐದಕ್ಕೆ ಬೀಡಿ ಮುಟ್ಟಿದೆವು. ಓಣಿಯ ಬಾಯಲ್ಲಿ ಜನ ಕುಳಿತಿದ್ದರು. ಗಾಡಿ ನೋಡಿ ಇಬ್ಬರು ಎದ್ದರು, ಆಮೇಲೆ ಕುಳಿತರು. ನಿಂಗವ್ವ ಮೂರೂವರೆಗೆ ತೀರಿಕೊಂಡಿದ್ದಳು. ಒಳಗೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಬಾಜು ಶಿವಬಸವ್ವ, ಅವಳ ಬೆನ್ನಿಗೆ ಕೈಯಿಟ್ಟುಕೊಂಡು ಜೋಹರಾ.

ಸಭಿಕರೇ, ಭೂಗೋಳದ ಮಾಸ್ತರನಾದ್ದರಿಂದ ವೇಳೆಯ ಲೆಕ್ಕ ಹಾಕುವ ಚಟ ನನಗಿದೆ. ಶಿವಬಸವ್ವ ಹತ್ತೂವರೆಗೆ ಬೀಡಿಗೆ ಮುಟ್ಟಿದಳು. ತಾಯಿಯ ಜೊತೆ ಅವಳಿಗೆ ಐದು ತಾಸು ಸಿಕ್ಕಿತು. ನನ್ನ ಮಾತು ಕೇಳಿದ್ದರೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ನಾನು ಅವಳ ಮಾತು ಕೇಳಿ ಖಾನಾಪುರದಿಂದಲೇ ಗಾಡಿ ತಿರುಗಿಸಿದ್ದರೆ ಒಂದು ಇಡೀ ದಿನ, ಮೇಲೆ ಮೂರೂವರೆ ತಾಸು. ಮಿಸಿಸಿಪ್ಪಿಯ ಉದ್ದ ಈಗ ಮರೆತಿದ್ದೇನೆ. ಈ ಲೆಕ್ಕ ಮರೆತಿಲ್ಲ.

ಆ ಐದು ತಾಸಿನಲ್ಲಿ ತಾಯಿ ಮಗಳು ಏನು ಮಾತಾಡಿದರು? ನನಗೆ ಅವಳು ಹೇಳಲಿಲ್ಲ. ಬಹಳ ದಿನಗಳ ಮೇಲೆ ಜೋಹರಾ ಹೇಳಿದರು. "ಎರಡ ಚಮಚ ಗಂಜಿ ಕುಡದ್ರು ಮಗಳ ಕೈಲೆ. ತಲಿ ಬಾಚಿಸ್ಕೊಂಡ್ರು. 'ಮಾಸ್ತರ ಬಂದಿಲ್ಲೇನು' ಅಂತ ಕೇಳಿದ್ರು. 'ಬರಾಕತ್ತಾರ, ಹಾದ್ಯಾಗ ಅದಾರ' ಅಂದ್ರು ಅಕ್ಕಾರು." ಇನ್ನೊಂದು ಮಾತನ್ನೂ ಜೋಹರಾ ಹೇಳಿದರು. ಬಸ್ಸಿನಲ್ಲಿ ಶಿವಬಸವ್ವ ಕಿಟಕಿಯ ಬಾಜು ಕುಳಿತಿದ್ದಳಂತೆ. ನಂದಗಡ ದಾಟಿದ ಮೇಲೆ ಕಿಟಕಿಯಿಂದ ಹೊರಗೆ ನೋಡಿ, "ರಸ್ತಾ ಛಲೋನ ಐತಲ್ಲ" ಎಂದಳಂತೆ.

ಮರುದಿನ ಮಣ್ಣು ಮುಗಿಸಿ ಬಂದ ಮೇಲೆ ಅವಳು ಒಬ್ಬಳೇ ಗಾಡಿಯ ಹತ್ತಿರ ಹೋದಳು. ನಾನು ದೂರದಿಂದ ನೋಡುತ್ತಿದ್ದೆ. ಬಗ್ಗಿ ಗಾಲಿಗಳನ್ನು ನೋಡಿದಳು, ಕೆಳಗಿನ ಸ್ಪ್ರಿಂಗುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಗಾಡಿಗೇನೂ ಆಗಿಲ್ಲ, ಹೌದಿಲ್ರಿ?"

ಇಲ್ಲ, ಏನೂ ಆಗಿಲ್ಲ ಎಂದೆ.

ಬೈಯಲಿಲ್ಲ. ಇವತ್ತಿಗೂ ಬೈದಿಲ್ಲ. ಆದರೆ ಆ ಗಾಡಿಯನ್ನು ಅವಳು ಮತ್ತೆ ಹತ್ತಲಿಲ್ಲ. ಬೀಡಿಯಿಂದ ಬೆಳಗಾವಿಗೆ ಬಸ್ಸಿನಲ್ಲೇ ಬಂದಳು. ಆಮೇಲೆ ಅವಳಿಗೆ ಬಸ್ಸಿನ ರುಚಿ ಹತ್ತಿತು. ಜೋಹರಾ ಜೊತೆ, ಓಣಿಯ ಅಕ್ಕವ್ವನ ಜೊತೆ, ಒಮ್ಮೊಮ್ಮೆ ಒಬ್ಬಳೇ. ಉಳವಿಗೆ ಹೋದಳು, ಕೂಡಲಸಂಗಮಕ್ಕೆ ಹೋದಳು, ವಿಜಾಪುರದ ಗುಮ್ಮಟದೊಳಗೆ ನಿಂತು ಜೋಹರಾನ ಹೆಸರು ಕೂಗಿ ಬಂದಳು, ಪಣಜಿಗೆ ಹೋಗಿ ಸಮುದ್ರ ನೋಡಿದಳು. ನಾನು ನಕಾಶೆಯಲ್ಲಿ ನೀಲಿ ಬಣ್ಣ ಹಚ್ಚಿದ್ದು ಬಿಟ್ಟರೆ ಸಮುದ್ರ ನೋಡಿಲ್ಲ. ಈ ಏಳು ವರ್ಷ ನಮ್ಮ ಮನೆಯಲ್ಲಿ ಪ್ರಯಾಣ ಮಾಡಿದವರು ಯಾರು, ಅಂಗಳದಲ್ಲಿ ನಿಂತ ಗಾಡಿಯ ಧೂಳು ಒರೆಸಿದವರು ಯಾರು? ತಮ್ಮಣ್ಣನವರೇ, ನೀವು ಶಾಲು ಹೊದಿಸುವ ಮೊದಲು ನಮ್ಮ ಮನೆಯಲ್ಲಿ ಒಂದು ಮಾತು ವಿಚಾರಿಸಬೇಕಿತ್ತು. ವಿಳಾಸ ಅದೇ, ವ್ಯಕ್ತಿ ಬೇರೆ.

ಈಗ ಒಂದು ನಿರಾಶೆಯ ಸುದ್ದಿ. ಇಂದು ನನ್ನ ಗಾಡಿಗೆ ಹೂವಿನ ಹಾರ ಹಾಕಿ ನಾಳೆಯ ರ್ಯಾಲಿಗೆ ಅದನ್ನೇ ಮುಂದಿಡುವುದೆಂದು ಕಾರ್ಯಕಾರಿ ಸಮಿತಿ ಠರಾವು ಮಾಡಿದೆಯಂತೆ. ಗಾಡಿ ಇಲ್ಲ. ಹೋದ ತಿಂಗಳು ಅದನ್ನು ಜೋಹರಾಗೆ ಕೊಟ್ಟುಬಿಟ್ಟೆ. ಮೇಸ್ತ್ರಿಗಳ ಸಂಸಾರ ಈಗ ಖಾನಾಪುರದಲ್ಲಿದೆ; ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅದರ ಗಾಲಿ ತೆಗೆದು ಕಲ್ಲಿನ ಮೇಲೆ ನಿಲ್ಲಿಸಿ ಅದರೊಳಗೆ ಹೊಲಿಗೆಯ ಅಂಗಡಿ ಹಾಕಿದ್ದಾರೆ. ನಾನು ಮಲಗುತ್ತಿದ್ದ ಹಲಗೆಯ ಮೇಲೆ ಈಗ ಜಂಪರಿನ ಬಟ್ಟೆ ಕತ್ತರಿಸುತ್ತಾರೆ. ಅದಕ್ಕೆ ಹಾರ ಹಾಕಲೇಬೇಕೆಂದಿದ್ದರೆ ಅಲ್ಲಿಗೆ ಹೋಗಿ. ಜೊತೆಗೆ ನಿಮ್ಮ ಮನೆಯವರ ಅಳತೆಯನ್ನೂ ಕೊಟ್ಟು ಬನ್ನಿ.

ನಾಳೆಯ ರ್ಯಾಲಿಗೆ ನಾನೂ ಬರುತ್ತಿಲ್ಲ. ಶಿವಬಸವ್ವ ನಾಳೆ ಶ್ರೀಶೈಲಕ್ಕೆ ಹೊರಟಿದ್ದಾಳೆ, ಮುಂಜಾನೆ ಆರೂಕಾಲಿನ ಬಸ್ಸು. ನಿನ್ನೆ ಅವಳು ಚೀಲಕ್ಕೆ ಬಟ್ಟೆ ತುಂಬುವಾಗ ನಾನು ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಮೂವತ್ತೊಂದು ವರ್ಷ ಹುಡುಗರಿಗೆ ಪ್ರಶ್ನೆ ಕೇಳಿದವನಿಗೆ ಒಂದು ಪ್ರಶ್ನೆ ಕೇಳಲು ಇಷ್ಟು ಹೆದರಿಕೆಯಾಗುತ್ತದೆಂದು ಗೊತ್ತಿರಲಿಲ್ಲ.

"ನಾನೂ ಬರ್ಲೇನು?" ಎಂದೆ.

ಅವಳು ಸೀರೆಯ ಮಡಿಕೆ ಹಾಕುವುದನ್ನು ನಿಲ್ಲಿಸಲಿಲ್ಲ. ಸೀರೆಯನ್ನು ಚೀಲದಲ್ಲಿಟ್ಟಳು, ಚೀಲದ ಬಾಯಿ ಕಟ್ಟಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಬರ್ರಿ," ಎಂದಳು. "ಆದ್ರ ಕಿಟಕಿ ಬಾಜು ನಾ ಕುಂದರಾಕಿ."

ಆದ್ದರಿಂದ ನಾನು ಬೇಗ ಮಲಗಬೇಕಾಗಿದೆ, ನನಗೆ ಅಪ್ಪಣೆ ಕೊಡಿ. ಶಾಲಿಗಾಗಿ ಸಂಘಕ್ಕೆ ಕೃತಜ್ಞತೆಗಳು. ನಸುಕಿನ ಬಸ್ಸಿನಲ್ಲಿ ಕಿಟಕಿಯ ಗಾಳಿ ತಂಪಾಗಿರುತ್ತದಂತೆ, ಮನೆಯವರಿಗೆ ಉಪಯೋಗವಾಗುತ್ತದೆ. ನನ್ನ ಮಾತನ್ನು ನಡುವೆ ತಡೆಯದ ಅಧ್ಯಕ್ಷರಿಗೆ, ಇನ್ನೂ ಬಾರದೆ ನನಗೆ ಇಷ್ಟು ಸಮಯ ಒದಗಿಸಿದ ಮುಖ್ಯ ಅತಿಥಿಗಳಿಗೆ, ಆರುತ್ತಿರುವ ಉಪ್ಪಿಟ್ಟನ್ನು ಮರೆತು ಕೇಳಿದ ನಿಮಗೆಲ್ಲರಿಗೆ ನನ್ನ ವಂದನೆಗಳು.

ನಮಸ್ಕಾರ.